ಬಟ್ಟಲ ನೀರು

ಒಂದು ದಿನ ಬಿಟ್ಟು ಒಂದು ದಿನ, ನಾಲ್ಕೂವರೆಗೆ ನೀರು.
ಮೊದಲು ನಲ್ಲಿ ಕೆಮ್ಮುತ್ತಿತ್ತು, ಆಮೇಲೆ ಗಾಳಿ ಊದುತ್ತಿತ್ತು.
ಚಾಪೆಯ ಮೇಲಿಂದಲೇ ಅಜ್ಜಿ: "ಏಳ್ರೋ, ಶ್ರುತಿ ಬಂತು."
ನಾವು ಬಿಂದಿಗೆ ಸಾಲು ಮಾಡುವಷ್ಟರಲ್ಲಿ
ಅವಳ ಹದಿನೆಂಟು ಪಿಂಗಾಣಿ ಬಟ್ಟಲು
ಸಿದ್ಧಾಪುರದ ಆ ಎರಡು ಕೋಣೆಯ ಮನೆಯಲ್ಲಿ
ಅರ್ಧಚಂದ್ರ ಕಟ್ಟಿ ಕೂತಿರುತ್ತಿದ್ದವು.

ಬೋರ್ ನೀರು ಅವಳಿಗಾಗದು.
"ಅದರಲ್ಲಿ ಗಾಂಧಾರ ನಿಲ್ಲಲ್ಲ ಕಣೋ, ಅನ್ನದಲ್ಲಿ ಕಲ್ಲು ಕಚ್ಚಿದ ಹಾಗೆ."
ಬಿಎಸ್ಸಿ ಓದಿದ ರೇಣುಕಪ್ಪ ಮಾವ ನಕ್ಕು
ಒಮ್ಮೆ ಕಣ್ಣು ಕಟ್ಟಿ ಪರೀಕ್ಷೆ ಇಟ್ಟ.
ಏಳು ಸಲವೂ ಸರಿ ಹೇಳಿದಳು.
ಎಂಟನೆಯದಕ್ಕೆ, "ಇದು ಟ್ಯಾಂಕರ್‌ದು. ಮೋಸ ಮಾಡ್ಬೇಡ."

ಅಶ್ವತ್ಥಮ್ಮನಿಗೆ ಜಲತರಂಗ ಕಲಿಸಿದ್ದು
ಕಲಾಸಿಪಾಳ್ಯದ ಪಾತ್ರೆ ಅಂಗಡಿ ಹಿಂದಿನ ಒಬ್ಬ ಮೇಷ್ಟ್ರು.
ಪಾಠಕ್ಕೆ ಫೀಸು ಎರಡು ಮೊಳ ಕನಕಾಂಬರ,
ಅವಳಪ್ಪನ ತೋಟದ್ದು. ಆ ತೋಟ ಈಗ
ಒಂದು ಪೆಟ್ರೋಲ್ ಬಂಕು, ಒಂದು ಹಲ್ಲಿನ ಆಸ್ಪತ್ರೆ.
ಜೀವಮಾನದಲ್ಲಿ ಒಂದೇ ಕಚೇರಿ: ಬೀದಿ ಗಣೇಶನ ಪೆಂಡಾಲು,
ನಡುವೆ ಕರೆಂಟು ಹೋಗಿ ಮೈಕು ಸತ್ತು
ಕೇಳಿಸಲಿಲ್ಲವೆಂದು ಜನ ಹತ್ತಿರ ಸರಿದು ಕೂತರಂತೆ.
"ಕರೆಂಟು ಹೋಗಿದ್ದೇ ನನ್ನ ಪುಣ್ಯ" ಅನ್ನುತ್ತಿದ್ದಳು
ಪ್ರತಿ ಸಲ ಕರೆಂಟು ಹೋದಾಗಲೂ.

ನುಡಿಸಿದ ನೀರನ್ನು ಮೋರಿಗೆ ಚೆಲ್ಲುವಂತಿಲ್ಲ.
ಮಂದ್ರದ ತುಂಬು ಬಟ್ಟಲು ಸುಗಂಧರಾಜಕ್ಕೆ,
ತಾರದ ಒಂದೊಂದು ಗುಟುಕು ದೊಡ್ಡಪತ್ರೆಗೆ.
ಪೇಂಟ್ ಡಬ್ಬ, ಒಡೆದ ಬಕೆಟ್ಟು, ತಾತನ ಹಳೇ ಹೆಲ್ಮೆಟ್ಟು,
ಮಣ್ಣು ಹಿಡಿಯುವುದೆಲ್ಲ ಅವಳಿಗೆ ಕುಂಡವೇ.
ಬಿದಿರಕಡ್ಡಿ ಒಂದು ಕಾಣೆಯಾದರೆ
ಟೊಮ್ಯಾಟೊ ಸಸಿಗೆ ಊರುಗೋಲಾಗಿರುತ್ತಿತ್ತು.
ಎರಡು ವರ್ಷ ಮುನಿಸಿಕೊಂಡ ಕರಿಬೇವಿಗೆ
ತೋಡಿ ಹಾಕಿ ನೋಡಿದಳು, ಆಮೇಲೆ ಹುಳಿಮಜ್ಜಿಗೆ.
ಚಿಗುರಿದ್ದು ಮಜ್ಜಿಗೆಗೆ. ಒಪ್ಪಿಕೊಂಡಳು.

ತೇಜು ಹುಟ್ಟಿದಾಗ ಅವನ ಅಳು ಹಿಡಿದು
ಬಟ್ಟಲಿಗೆ ಹನಿಹನಿಯಾಗಿ ನೀರು ಹೊಂದಿಸಿ
"ಇವನದು ಆರು ಮನೆ ಶ್ರುತಿ" ಅಂದಳು.
ಆ ಹೊತ್ತಿಗೆ ನಾವೂ ಆರನೆಯ ಬಾಡಿಗೆ ಮನೆಯಲ್ಲಿದ್ದೆವು.
ಮನೆ ಬದಲಿಸುವಾಗೆಲ್ಲ ಬಟ್ಟಲು
ತಾತ ಫ್ಯಾಕ್ಟರಿಯಿಂದ ತಂದ ಸೋಪಿನ ಪೆಟ್ಟಿಗೆಯಲ್ಲಿ,
ಪಂಚೆ ಸುತ್ತಿಕೊಂಡು, ಅವಳ ತೊಡೆಯ ಮೇಲೆ.
ಅದಕ್ಕೇ ಇರಬೇಕು, ಇವತ್ತಿಗೂ ಗಂಧದ ವಾಸನೆ ಬಂದರೆ
ನನಗೆ ಯಾವುದೋ ಸ್ವರ ಮರೆತ ಹಾಗಾಗುತ್ತದೆ.

ಹೋದದ್ದು ನೀರಿಲ್ಲದ ದಿನ.
ಸ್ನಾನಕ್ಕೆ ಟ್ಯಾಂಕರ್ ತರಿಸಿದೆವು.
ಹುಯ್ಯುವಾಗ ಯಾರೂ ಅವಳ ಮುಖ ನೋಡಲಿಲ್ಲ.

ಹಂಚಿಕೊಳ್ಳಲು ಒಡವೆ ಇರಲಿಲ್ಲ, ಬಟ್ಟಲು ಹಂಚಿಕೊಂಡೆವು.
ಷಡ್ಜ ಕೆಂಗೇರಿಯಲ್ಲಿದೆ, ಮಾವನ ಚಿಲ್ಲರೆ ಕಾಸಿಗೆ.
ಪಂಚಮದಲ್ಲಿ ಹೊರಮಾವಿನ ಚಿಕ್ಕಮ್ಮ ಉಪ್ಪಿನಕಾಯಿ ಇಟ್ಟಿದ್ದಾಳೆ.
ಧೈವತ ತೇಜುವಿನ ನಾಯಿಗೆ;
ನೀರು ನೆಕ್ಕುವಾಗ ಸಣ್ಣಗೆ ಉಲಿಯುತ್ತದಂತೆ.
ರಿಷಭ ಯಾರ ಹತ್ತಿರವಿದೆಯೋ, ಕೇಳಿದರೆ
ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರೆ.
ಅವಳ ಮೋಹನ ಕೇಳಬೇಕಾದರೆ ಈಗ
ಎರಡು ಮೆಟ್ರೊ, ಒಂದು ಬಸ್ಸು, ಅರ್ಧ ದಿನ ರಜೆ,
ಅಷ್ಟಾದರೂ ರಿಷಭವಿಲ್ಲ.

ನನ್ನ ಪಾಲಿಗೆ ಸೀಳುಬಿಟ್ಟದ್ದು,
ಹದಿನೆಂಟರ ಲೆಕ್ಕಕ್ಕೆ ಸೇರದ್ದು.
ತಟ್ಟಿದರೆ ಠಪ್ ಅನ್ನುತ್ತದೆ, ಅಷ್ಟೇ.
ಅದರಲ್ಲಿ ಅವಳು ಒಂದೆಲಗ ಬೆಳೆಸಿದ್ದಳು.
"ಒಡೆದದ್ದೇ ವಾಸಿ, ಬೇರು ಕೊಳೆಯಲ್ಲ."

ಇವತ್ತು ನೀರಿನ ದಿನ. ನಲ್ಲಿ ತಿರುಗಿಸಿಟ್ಟೇ ಮಲಗಿದ್ದೆ.
ಕೆಮ್ಮಿತು. ಗಾಳಿ ಊದಿತು.
ನೀರಿಗೆ ಮುಂಚಿನ ಆ ಒಂದು ಗಳಿಗೆ
ಕತ್ತಲಲ್ಲಿ ಕಿವಿಯಾಗಿ ಕೂತಿದ್ದು,
ಬಿಂದಿಗೆಗಿಂತ ಮೊದಲು
ಒಂದೆಲಗಕ್ಕೆ ಹಿಡಿದೆ.